ಕೂತು ಹುಟ್ಟು ಹಾಕುವುದೋ, ನಿಂತೋ?

ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಹೊಳೆಗೆ ಮುಖ ಮಾಡಿ ನಿಂತರೆ ಎದುರಿಗೆ ಗುರುಪುರ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ. ಎಡಕ್ಕೆ, ನೀರಿನ ಜೊತೆ ಹೋದರೆ ಹಳೇ ಬಂದರಿನ ದಕ್ಕೆ, ಇನ್ನೂ ಮುಂದೆ ನೇತ್ರಾವತಿಯೂ ಬಂದು ಕೂಡುವ ಅಳಿವೆ ಬಾಗಿಲು. ಮೀನಿನ ಬೋಟು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ, ಬೆಂಗ್ರೆಗೆ ಜನ ದಾಟಿಸುವ ಫೆರಿ ಎಲ್ಲವೂ ಓಡಾಡುವ ನೀರು ಇದು.

ಇಲ್ಲಿ ಹುಟ್ಟು ಹಾಕಲು ನಿಮ್ಮ ಮುಂದೆ ಎರಡು ಆಯ್ಕೆ: ಕೂತು ಸಾಗುವ ಸಣ್ಣ ದೋಣಿ ಕಯಾಕ್, ಇಲ್ಲವೇ ಹಲಗೆಯ ಮೇಲೆ ನಿಂತು ಸಾಗುವ ಸ್ಟ್ಯಾಂಡ್‌ಅಪ್ ಪ್ಯಾಡಲ್‌ಬೋರ್ಡ್. ಮೊದಲ ಸಲ ಇಳಿದಾಗ ನಾನು ಆರಿಸಿಕೊಂಡದ್ದು ಬೋರ್ಡ್. ಕಾರಣ ಇಷ್ಟೇ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಇಳಿತದ ಜೊತೆ ದಕ್ಕೆಯ ಕಡೆಗೆ ಹಾಯಾಗಿ ಹೋದೆ. ಹನ್ನೊಂದೂವರೆಗೆ ತಿರುಗಿದರೆ ನೀರೂ ಎದುರು, ಕಡಲಗಾಳಿಯೂ ಎದುರು. ಹತ್ತು ಹುಟ್ಟು ಹಾಕಿದರೆ ಎಂಟರಷ್ಟು ಹಿಂದಕ್ಕೆ. ಲಂಗರು ಹಾಕಿದ್ದ ಬೋಟಿನ ಮೇಲಿಂದ ಬಲೆ ಸರಿಮಾಡುತ್ತಿದ್ದವರೊಬ್ಬರು, ‘ಕೂತುಕೊಳ್ಳಿ ಮಾರಾಯ್ರೆ, ನಿಂತ್ರೆ ನೀವೇ ಹಾಯಿ!’ ಎಂದು ಕೂಗಿದರು. ಮೊಣಕಾಲೂರಿ ಕೂತೆ, ದಡ ಸಿಕ್ಕಿತು. ಆ ಒಂದು ಮಾತಿನಲ್ಲೇ ಆಯ್ಕೆಯ ಗುಟ್ಟೆಲ್ಲ ಇದೆ.

ಮೊದಲು ನೀರು ನೋಡಿ

ಭರತ–ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಕಳೆದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ನಡೆಯುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ. ಯಾವುದರಲ್ಲಿ ಹೋದರೂ ಮೊದಲು ನೀರಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ನೀರೇ ವಾಪಸ್ ತರಲಿ.

ಬೋರ್ಡ್ ಬೇಕೆಂದಿದ್ದರೆ ಭರತದ ಹೊತ್ತನ್ನೇ ಹಿಡಿಯಿರಿ. ಬೋರ್ಡಿನ ಅಡಿಯಲ್ಲಿ, ಹಿಂಭಾಗಕ್ಕೆ, ಗೇಣುದ್ದದ ರೆಕ್ಕೆಯೊಂದು ಇರುತ್ತದೆ. ಇಳಿತದಲ್ಲಿ ಅದು ಮರಳದಿಬ್ಬಕ್ಕೆ ಸಿಕ್ಕಿದರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಕಯಾಕ್‌ಗೆ ಮೊಣಕಾಲುದ್ದ ನೀರೂ ಧಾರಾಳ.

ಆಮೇಲೆ ಗಾಳಿ

ತೆಂಗಿನ ಗರಿ, ಬೋಟಿನ ಬಾವುಟ ನೋಡಿದರೆ ಸಾಕು. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ಸಾಮಾನ್ಯವಾಗಿ ಮೆಲ್ಲಗೆ ನೆಲದಿಂದ ಕಡಲಿಗೆ ಬೀಸುತ್ತದೆ. ನೆಲ ಕಾದಂತೆ ಅದು ತಿರುಗಿ ಕಡಲಗಾಳಿಯಾಗುತ್ತದೆ, ಮಧ್ಯಾಹ್ನಕ್ಕೆ ಜೋರು. ಬೋರ್ಡಿನ ಮೇಲೆ ನಿಂತವರ ಇಡೀ ಮೈ ಆ ಗಾಳಿಗೆ ಸಿಗುತ್ತದೆ. ಕಯಾಕ್‌ನಲ್ಲಿ ಸೊಂಟದ ಮೇಲಿನದ್ದು ಮಾತ್ರ. ಅಲೆಯ ತಲೆಯಲ್ಲಿ ಬಿಳಿನೊರೆ ಕಂಡ ದಿನ ಬೋರ್ಡ್ ಮುಟ್ಟಬೇಡಿ. ನನ್ನ ಮಟ್ಟಿಗೆ ಬೋರ್ಡ್ ಅಂದರೆ ಬೆಳಿಗ್ಗೆ ಒಂಬತ್ತರೊಳಗಿನ ಸಂಗತಿ.

ನಿಮ್ಮ ಮೈ ಏನನ್ನುತ್ತದೆ?

ಕಯಾಕ್ ಎಲ್ಲರಿಗೂ ಸುಲಭ ಎನ್ನುವುದು ಅರ್ಧಸತ್ಯ. ಕಾಲು ಚಾಚಿ ಒಂದು ಗಂಟೆ ಕೂರುವುದು ಸೊಂಟನೋವಿದ್ದವರಿಗೆ ಶಿಕ್ಷೆ. ಪಾದ ಊರುವ ಜಾಗವನ್ನು ಮೊದಲೇ ಸರಿಮಾಡಿಸಿಕೊಳ್ಳಿ, ಮೊಣಕಾಲು ತುಸು ಮಡಿಸಿರಬೇಕು. ಮೊಣಕಾಲೇ ಕೈಕೊಡುವವರಿಗೆ ಬೋರ್ಡ್ ಬೇಡ, ಯಾಕೆಂದರೆ ಬಿದ್ದಾಗಲೆಲ್ಲ ಮೊಣಕಾಲ ಮೇಲೆಯೇ ಏಳಬೇಕು. ಮಕ್ಕಳ ಜೊತೆಗಾದರೆ ಇಬ್ಬರು ಕೂರುವ ಕಯಾಕ್.

ಕಯಾಕ್‌ನಲ್ಲೂ ಎರಡು ಬಗೆ. ಆರ್ಕ್ಟಿಕ್ ತೀರದ ಬೇಟೆಗಾರರು ಸೀಲ್ ಚರ್ಮ ಬಿಗಿದು ಮಾಡಿಕೊಂಡದ್ದು ಒಳಗೆ ಕೂರುವಂಥದ್ದು, ಚಳಿನೀರಿನಿಂದ ಮೈ ಕಾಪಾಡಲು. ನಮ್ಮ ಸೆಕೆಗೆ ಅದು ಬೇಡ. ಮೇಲೆ ಕೂರುವ ಕಯಾಕ್ ಕೇಳಿ, ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ.

ದಡದಲ್ಲೇ ಒಮ್ಮೆ ಬೀಳಿ

ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಬಿದ್ದು ಹತ್ತಿ ನೋಡಿ. ಬೋರ್ಡಾದರೆ ನಡುಮಧ್ಯದ ಹಿಡಿ ಹಿಡಿದು, ಕಾಲು ಬಡಿದು ಹೊಟ್ಟೆಯ ಮೇಲೆ ಜಾರಿಕೊಂಡು ಹತ್ತಬೇಕು. ಕಯಾಕ್‌ಗೂ ಹಾಗೆಯೇ ಅಡ್ಡಕ್ಕೆ ಹೊಟ್ಟೆ ಹಾಕಿ, ಮಗ್ಗುಲು ತಿರುಗಿ ಕೂರಬೇಕು. ಮೂರು ಸಲವೂ ಹತ್ತಲಾಗದಿದ್ದರೆ ಆವತ್ತು ಅದು ನಿಮ್ಮದಲ್ಲ, ಇನ್ನೊಂದನ್ನು ನೋಡಿ. ಕಾಲಿಗೆ ಹಳೇ ಶೂ ಇರಲಿ, ಸೇತುವೆ ಕಂಬ, ಬಂಡೆಗಳಿಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ.

ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಇಲ್ಲ. ಬೋರ್ಡನ್ನು ಮೈಗೆ ಕಟ್ಟುವ ಲೀಶ್ ಬಗ್ಗೆ ಮಾತ್ರ ಒಂದು ಮಾತು: ಲಂಗರು ಹಗ್ಗಗಳಿರುವ ಹರಿವ ನೀರಿನಲ್ಲಿ ಅದು ಕಣಕಾಲಿಗೆ ಬೇಡ. ಹಗ್ಗಕ್ಕೆ ಸಿಕ್ಕಿಕೊಂಡರೆ ಸೆಳೆತದಲ್ಲಿ ಬಗ್ಗಿ ಬಿಚ್ಚಲು ಆಗುವುದಿಲ್ಲ. ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚುವ ಬೆಲ್ಟ್ ಕೇಳಿ.

ಬೋರ್ಡಿನ ಪ್ಯಾಡಲ್ ನಿಮ್ಮ ಎತ್ತರಕ್ಕಿಂತ ಗೇಣುದ್ದ ಹೆಚ್ಚಿರಲಿ. ಅದರ ಅಲಗು ಕುತ್ತಿಗೆಯ ಬಳಿ ಬಾಗಿರುತ್ತದೆ, ಆ ಬಾಗು ಮುಂದಕ್ಕಿರಬೇಕು. ಹೊಸಬರೆಲ್ಲ ಸೌಟಿನಂತೆ ತಮ್ಮ ಕಡೆಗೇ ತಿರುಗಿಸಿ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ.

ಬೋಟು ಬಂದರೆ

ದೊಡ್ಡ ಬೋಟಿಗೆ ಆಳವಿರುವ ಕಡೆಯಷ್ಟೇ ದಾರಿ. ಅದು ನಿಮಗಾಗಿ ಸರಿಯಲಾರದು, ನೀವೇ ಸರಿಯಬೇಕು. ದಡದ ಅಂಚಿನಲ್ಲೇ ಸಾಗಿ, ಅಡ್ಡ ದಾಟುವುದಾದರೆ ಎರಡೂ ಕಡೆ ನೋಡಿ ನೇರವಾಗಿ, ಬೇಗ ದಾಟಿ. ಬೋಟು ಹೋದ ಮೇಲೆ ಬರುವ ಅಲೆಗೆ ಮೂತಿ ಕೊಡಿ, ಮಗ್ಗುಲು ಕೊಡಬೇಡಿ. ಬೋರ್ಡಿನ ಮೇಲಿದ್ದರೆ ಅಲೆ ತಲುಪುವ ಮೊದಲೇ ಮೊಣಕಾಲೂರಿ. ಅಳಿವೆ ಬಾಗಿಲಿನ ಕಡೆಗೆ ಎರಡರಲ್ಲೂ ಹೋಗಬೇಡಿ.

ಒಟ್ಟಿನಲ್ಲಿ ಬಂದರಿನ ಬಳಿಗೆ ನನ್ನ ಓಟು ಕಯಾಕ್‌ಗೆ. ನಿಂತು ಹುಟ್ಟು ಹಾಕಲೇಬೇಕೆಂದಿದ್ದರೆ ಸಸಿಹಿತ್ಲು–ಮೂಲ್ಕಿ ಕಡೆಯ ಹಿನ್ನೀರಿನಲ್ಲಿ ಕಲಿಯಿರಿ. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್‌ಬೋರ್ಡ್ ಸ್ಪರ್ಧೆ ನಡೆದ ಊರು ಸಸಿಹಿತ್ಲು. ಜಲ್ಲೆ ಊರಿ ದೋಣಿಯಲ್ಲಿ ನಿಂತೇ ಸಾಗುವವರನ್ನು ನಮ್ಮ ಹೊಳೆಗಳು ಮೊದಲಿಂದಲೂ ಕಂಡಿವೆ, ನಿಲ್ಲುವುದೇನು ಹೊಸತಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿಕೊಂಡಿರುತ್ತವೆ, ನಡುಹೊಳೆ ಖಾಲಿ. ‘ಈಗ ಆರಾಮಾಗಿ ಹೋಗಬಹುದಲ್ಲ’ ಎಂದು ಗೆಳೆಯರು ಪ್ರತಿವರ್ಷ ಕೇಳುತ್ತಾರೆ. ಆ ಕೆಂಪು ನೀರಿನಲ್ಲಿ ಘಟ್ಟದ ಕಡೆಯಿಂದ ಮರದ ದಿಮ್ಮಿಗಳು ತೇಲಿ ಬರುತ್ತಿರುತ್ತವೆ. ನಾನಂತೂ ಅಕ್ಟೋಬರ್‌ವರೆಗೆ ಪ್ಯಾಡಲ್ಲನ್ನು ಅಟ್ಟದಿಂದ ಇಳಿಸುವುದಿಲ್ಲ.