ಬೋಳು ಬೆಟ್ಟದಲ್ಲಿ ಮುರುಗಲು: ನನ್ನ ಅನುಭವ

“ಈ ಬೆಟ್ಟ ಇನ್ನು ಏಳೋದಿಲ್ಲ, ಅಕೇಶಿಯಾ ಹಾಕಿ ಸುಮ್ಮನಿರು” ಅಂದವರೇ ಈಗ ಮಳೆ ಹಿಡಿಯುತ್ತಿದ್ದಂತೆ ಮುರುಗಲು (ಕೋಕಂ) ಗಿಡ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿ ಸೀಮೆಯಲ್ಲಿ ಎಕರೆ ಅಡಿಕೆ ತೋಟಕ್ಕೆ, ಸೊಪ್ಪು-ದರಕು ತರಲು ಬಿಟ್ಟ ಒಂಬತ್ತು ಎಕರೆ ಕಾಡು, ಅಂದರೆ ಸೊಪ್ಪಿನ ಬೆಟ್ಟ ಅನ್ನೋ ಲೆಕ್ಕ ಗೊತ್ತಿದ್ದದ್ದೇ. 1983ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸಾಲ್ಕಣಿ ಊರಿನವರು ಅಪ್ಪಿಕೋ ಚಳವಳಿಯಲ್ಲಿ ಮರ ಅಪ್ಪಿಕೊಂಡು ಕೊಡಲಿ ನಿಲ್ಲಿಸಿದ ಮೇಲೆ ನಮ್ಮೂರಲ್ಲೂ ‘ಉಳಿಸು, ಬೆಳೆಸು, ಬಳಸು’ ಅಂತ ಕೂಗಿದ್ದೇ ಕೂಗಿದ್ದು. ಆದರೆ ಮನೆ ಹಿಂದಿನ ಬೆಟ್ಟದಲ್ಲಿ ‘ಬಳಸು’ ಒಂದೇ ಉಳಿದಿತ್ತು. ಮತ್ತಿ ಮರಗಳನ್ನು ತುದಿಯವರೆಗೆ ಸವರಿ ಕಂಬ ಮಾಡಿಟ್ಟಿದ್ದರು.

ಮೊದಲು ಮುಳ್ಳುತಂತಿ ಬೇಲಿಗೆ ಲಕ್ಷದ ಹತ್ತಿರ ಸುರಿದೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕಂಬ ಗೆದ್ದಲಿಗೆ, ತಂತಿ ಯಾರದೋ ಅಂಗಳಕ್ಕೆ. ಆಮೇಲೆ ಸುತ್ತ ಅಗಳ (ಆಳದ ಕಂದಕ) ತೆಗೆಸಿದೆ, ಎಪ್ಪತ್ತೆಂಬತ್ತು ಸಾವಿರ ಆಗಿರಬೇಕು. ಮಣ್ಣನ್ನು ಒಳಬದಿಗೆ ಏರಿಸಿ ಮೇಲೆ ಕತ್ತಾಳೆ ನೆಟ್ಟೆ. ದನ ನಿಂತವು. ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಅರ್ಧ ಅಲ್ಲೇ ಬಿಟ್ಟೆ. ಸೊಪ್ಪು ಕೊಯ್ಯುವವನಿಗೆ ಮರದ ತಲೆ ಮುಟ್ಟಬೇಡ ಅಂದೆ. ಅವನು ನಕ್ಕ, ಕೂಲಿ ಜಾಸ್ತಿ ಕೇಳಿದ, ಕೊಟ್ಟೆ. ಮೂರನೇ ವರ್ಷಕ್ಕೆ ಹಳೇ ಕುತ್ತಿಗಳಿಂದ (ಕಡಿದ ಮರದ ಬುಡಗಳಿಂದ) ಮತ್ತಿ, ಹೊನ್ನೆ, ನೇರಲೆ ಎದ್ದವು. ನರ್ಸರಿಯಿಂದ ತಂದು ನೆಟ್ಟ ಗಿಡ ಮೊಣಕಾಲೆತ್ತರ ಇದ್ದಾಗ ಇವು ತಲೆ ಮೀರಿದ್ದವು.

ನಡುವೆ ಮಣ್ಣಿನುಂಡೆಯೊಳಗೆ ಬೀಜ ಇಟ್ಟು ಎಸೆಯುವ ಬೀಜದುಂಡೆಯನ್ನೂ ನೋಡಿದೆ. ಜೂನ್ 5ರ ಪರಿಸರ ದಿನದ ಫೋಟೋಕ್ಕೆ ಚೆನ್ನಾಗಿರುತ್ತದೆ. ನಾನು ಎಸೆದ ಬುಟ್ಟಿಗಟ್ಟಲೆ ಉಂಡೆಯಲ್ಲಿ ಬದುಕಿದ್ದು ಒಂದು ಹಲಸು, ಅದೂ ಗೊಬ್ಬರಗುಂಡಿ ಪಕ್ಕ ಬಿದ್ದದ್ದು.

ದುಡ್ಡು ಬಂದದ್ದು ಮುರುಗಲಿನಿಂದ. ಬೀಜದ ಗಿಡ ಹಾಕಿದರೆ ಅರ್ಧಕ್ಕರ್ಧ ಗಂಡು. ಏಳೆಂಟು ವರ್ಷ ಸಾಕಿ ಹೂವು ನೋಡಿ ಕಡಿಯಬೇಕು. ಹಾಗಾಗಿ ಊರಿನದೇ ಒಂದು ಹೆಣ್ಣು ಮರದಿಂದ ಕಸಿ ಮಾಡಿದೆ. ಕಸಿಕಡ್ಡಿಯನ್ನು ನೆಟ್ಟಗೆ ಏರುವ ಚಿಗುರಿನಿಂದಲೇ ತೆಗೆಯಬೇಕು. ಅಡ್ಡ ಕೊಂಬೆಯದು ಕಟ್ಟಿದರೆ ಗಿಡ ಮೇಲೇಳದೆ ನೆಲದ ಮೇಲೇ ಹರಡುತ್ತದೆ, ಅಂಥವು ನನ್ನಲ್ಲಿ ಈಗಲೂ ಹತ್ತಿಪ್ಪತ್ತಿವೆ. ಹೋದ ವರ್ಷ ಹಣ್ಣಿನ ಒಣಸಿಪ್ಪೆಯಲ್ಲೇ ನಲವತ್ತು ಸಾವಿರದ ಆಸುಪಾಸು ಸಿಕ್ಕಿತು. ಬೇಲಿಯ ದುಡ್ಡು ಇನ್ನೂ ಹುಟ್ಟಿಲ್ಲ ಅಂತ ಮನೆಯವಳು ನೆನಪಿಸುತ್ತಿರುತ್ತಾಳೆ.

ಮುರುಗಲಿನ ಹತ್ತಿರದ ನೆಂಟ, ಹುಳಿಹಣ್ಣಿನ ಉಪ್ಪಾಗೆಯ ಕಥೆ ಬೇರೆ. ಹಣ್ಣಾಗೋದು ಜಡಿಮಳೆಯಲ್ಲಿ, ಸಿಪ್ಪೆ ಒಣಗಿಸಲು ಒಲೆ ಹಾಕಬೇಕು. ಸೌದೆ ಲೆಕ್ಕ ಹಾಕಿದರೆ ಬೆಟ್ಟ ಬೆಳೆಸಿದ್ದು ಸುಡೋದಕ್ಕೇ ಅನ್ನಬೇಕು. ಪ್ಲಾಸ್ಟಿಕ್ ಹೊದಿಸಿ ಬಿಸಿಲುಗೂಡು ಕಟ್ಟಿದೆ. ಆಷಾಢದಲ್ಲಿ ಬಿಸಿಲೆಲ್ಲಿ, ಸಿಪ್ಪೆಗೆ ಬೂಷ್ಟು ಬಂತು. ಈಗ ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಸಿಪ್ಪೆಯ ಕಡೆಗೆ ತಿರುಗಿಸಿ ನೋಡುತ್ತಿದ್ದೇನೆ, ಸೌದೆ ಸುಮಾರು ಅರ್ಧಕ್ಕೆ ಇಳಿದಿದೆ.

ಉಪ್ಪಾಗೆ ಬೀಜ ಮೊಳೆಯಲು ಆರೇಳು ತಿಂಗಳು ಕಾಯಿಸುತ್ತದೆ. ನನ್ನಲ್ಲಿ ಎರಡೇ ತಿಂಗಳಿಗೆ ಏಳುತ್ತದೆ. ಬೀಜದ ಹೊರಸಿಪ್ಪೆ ಬಿಡಿಸಬೇಕು ಅನ್ನೋದು ನಿಮಗೂ ಗೊತ್ತು. ಆಮೇಲಿನದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗಿಡ ಬೇಕಾದವರು ಮೇ ತಿಂಗಳೊಳಗೆ ಹೇಳಿಡಿ.