ಶಾಲೆಯ ಕೊನೆಯ ವರ್ಷದಲ್ಲಿ ಬಿಎಂಎಕ್ಸ್ ಬಿಡದೆ ಓದುವುದು ಹೇಗೆ?

ಶಾಲೆಯ ಕೊನೆಯ ವರ್ಷ ಆರಂಭವಾಗುತ್ತಿದ್ದಂತೆ ಬಿಎಂಎಕ್ಸ್ (ಚಿಕ್ಕ ಗಟ್ಟಿ ಸೈಕಲ್ಲಿನಲ್ಲಿ ರೇಸು, ಸಾಹಸ ಮಾಡುವ ಕ್ರೀಡೆ) ಸೈಕಲ್ಲನ್ನು ಮೂಲೆಗೆ ಸೇರಿಸಿಬಿಡುವುದು ಸುಲಭದ ಉಪಾಯವೆನಿಸಬಹುದು. ಆದರೆ ಹಾಗೆ ಉಳಿದ ಸಮಯವೆಲ್ಲ ಪುಸ್ತಕಕ್ಕೇ ಸಲ್ಲುತ್ತದೆ ಎಂಬ ಖಾತರಿಯಿಲ್ಲ. ಬಿಎಂಎಕ್ಸ್ ರೇಸಿನ ಒಂದು ಓಟ ನಿಮಿಷದೊಳಗೆ ಮುಗಿಯುತ್ತದೆ, ಒಲಿಂಪಿಕ್ಸ್‌ನ ಫ್ರೀಸ್ಟೈಲ್ (ಸಾಹಸದ ಪಟ್ಟುಗಳ) ಸ್ಪರ್ಧೆಯಲ್ಲಿ ಒಂದು ಸರದಿಗೆ ಸಿಗುವುದು 60 ಸೆಕೆಂಡು. ಸಮಯ ಸೋರಿಹೋಗುವುದು ಸವಾರಿಯಲ್ಲಲ್ಲ, ಅದರ ಆಚೀಚೆ: ಜಿಗಿಯಲು ಇಳಿಜಾರುಗಳಿರುವ ಸೈಕಲ್ ಪಾರ್ಕಿಗೆ ಹೋಗಿಬರುವುದರಲ್ಲಿ, ರ‍್ಯಾಂಪಿನ ಮೇಲೆ ನಿಂತು ಹರಟುವುದರಲ್ಲಿ, ಮಲಗುವ ಮುನ್ನ ಒಂದರ ಹಿಂದೊಂದು ವಿಡಿಯೊ ನೋಡುವುದರಲ್ಲಿ. ವಿಡಿಯೊ ನೋಡುವುದೂ ಅಭ್ಯಾಸವೇ ಎನ್ನುವವರಿದ್ದಾರೆ. ಅದು ರಾತ್ರಿ ಹನ್ನೊಂದರ ವಾದ. ಮೊದಲು ಒಂದು ವಾರ ಇವೆಲ್ಲವನ್ನೂ ಗಡಿಯಾರ ನೋಡಿ ಬರೆದಿಡಿ, ಆಮೇಲೆ ವೇಳಾಪಟ್ಟಿ ಹಾಕಿಕೊಳ್ಳಿ.

ಓದುವ ದಿನಗಳಲ್ಲಿ ಪಾರ್ಕಿನ ಹಂಗಿಲ್ಲದೆ ಸಮತಟ್ಟಾದ ನೆಲದಲ್ಲೇ ಮುಕ್ಕಾಲು ಗಂಟೆ ಅಭ್ಯಾಸ ಮಾಡಬಹುದು, ಆದರೆ ಒಂದು ಹೊತ್ತಿಗೆ ಒಂದೇ ಪಟ್ಟು. ಉದಾಹರಣೆಗೆ ಬನ್ನಿಹಾಪ್ (ಎರಡೂ ಚಕ್ರ ಎತ್ತಿ ಸೈಕಲ್ ಸಮೇತ ಜಿಗಿಯುವುದು) ಆದರೆ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ತೋಳು ನೇರವಾಗಿಟ್ಟು ಸೊಂಟವನ್ನು ಹಿಂದಕ್ಕೆ ತಂದು ಮುಂಚಕ್ರ ಎತ್ತುವುದನ್ನಷ್ಟೇ ಮೊದಲು ತಿದ್ದಿಕೊಳ್ಳಿ. ಹ್ಯಾಂಡಲನ್ನು ಮುಂದಕ್ಕೆ ತಳ್ಳಿ ಹಿಂಚಕ್ರವನ್ನು ಮೇಲೆ ತರುವುದು ಆನಂತರದ ಮಾತು. ಕಷ್ಟದ ವಿಷಯವನ್ನು ಸವಾರಿಗೆ ಮೊದಲೇ ಓದಿ ಮುಗಿಸಿ. ಸವಾರಿಯ ನಂತರ ಹೊಸ ಪಾಠ ತಲೆಗೆ ಹತ್ತದಿದ್ದರೆ ಪುಸ್ತಕ ಮುಚ್ಚಿಟ್ಟು, ಅಂದು ಓದಿದ್ದನ್ನು ನೆನಪಿನಿಂದ ಬರೆಯಿರಿ. ನಿದ್ದೆಯನ್ನು ಮಾತ್ರ ಕಡಿಮೆ ಮಾಡಬೇಡಿ: ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ, ಮತ್ತು ಓದಿದ ಪಾಠದಂತೆಯೇ ಕಲಿತ ಪಟ್ಟೂ ನಿದ್ದೆಯಲ್ಲೇ ಗಟ್ಟಿಯಾಗುತ್ತದೆ.

ನನ್ನ ದೃಷ್ಟಿಯಲ್ಲಿ ಪರೀಕ್ಷೆಗೆ ನಿಜವಾದ ಅಪಾಯ ಸವಾರಿಗೆ ಹೋದ ಗಂಟೆಗಳಲ್ಲ, ಬರೆಯುವ ಕೈಗೆ ಆಗಬಹುದಾದ ಪೆಟ್ಟು. ಬೀಳುವಾಗ ಅಂಗೈ ಊರುವುದು ಎಲ್ಲರ ಸಹಜ ಪ್ರತಿಕ್ರಿಯೆ, ಆಗ ಮುರಿಯಬಹುದಾದದ್ದು ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ. ಅದಕ್ಕೆ ರಕ್ತ ಪೂರೈಕೆ ಕಡಿಮೆಯಿರುವುದರಿಂದ ಕೂಡಲು ಹಲವು ವಾರಗಳೇ ಬೇಕಾಗುತ್ತವೆ, ಸಾಲದ್ದಕ್ಕೆ ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದಾಗ ನೋವಿದ್ದರೆ ಉಳುಕೆಂದು ಎಣ್ಣೆ ಹಚ್ಚಿ ಕೂರದೆ ವೈದ್ಯರಿಗೆ ತೋರಿಸಿ. ತಲೆಗೆ ಬಿದ್ದ ಪೆಟ್ಟು ಇನ್ನೂ ಕೆಟ್ಟದ್ದು, ಏಕೆಂದರೆ ಅದರಿಂದ ಗಮನವಿಟ್ಟು ಓದುವುದೇ ಕಷ್ಟವಾಗಬಹುದು. ತರಗತಿಯಲ್ಲಿ ಎಂದಿನಂತೆ ಕೂರಲು ಸಾಧ್ಯವಾಗುವವರೆಗೆ ಸೈಕಲ್ ಹತ್ತುವಂತಿಲ್ಲ.

ಆದ್ದರಿಂದ ವರ್ಷದ ಕ್ಯಾಲೆಂಡರನ್ನು ಗಂಟೆಗಳ ಲೆಕ್ಕದಲ್ಲಿ ಮಾತ್ರವಲ್ಲ, ಅಪಾಯದ ಲೆಕ್ಕದಲ್ಲೂ ಹಂಚಿಕೊಳ್ಳಿ. ಟೇಲ್‌ವಿಪ್, ಬ್ಯಾಕ್‌ಫ್ಲಿಪ್‌ನಂಥ ಗಾಳಿಯಲ್ಲಿ ಸೈಕಲ್ ಸುತ್ತಿಸುವ, ಹಿಂದಕ್ಕೆ ಪಲ್ಟಿ ಹೊಡೆಯುವ ಹೊಸ ಸಾಹಸಗಳೇನಿದ್ದರೂ ವರ್ಷದ ಮೊದಲರ್ಧದಲ್ಲಿ, ಅದೂ ಫೋಮ್ ಪಿಟ್ (ಮೆತ್ತನೆಯ ಫೋಮ್ ತುಂಡು ತುಂಬಿದ ಹೊಂಡ) ಇರುವಲ್ಲಿ ಆಗಲಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಹೊಸದನ್ನು ಕಲಿಯುವುದನ್ನು ನಿಲ್ಲಿಸಿ, ಕೈಗೂಡಿರುವ ಪಟ್ಟುಗಳನ್ನೇ ತಗ್ಗಿನ ಎತ್ತರದಲ್ಲಿ ಮಾಡಿ. ಕೊನೆಯ ಎರಡು ವಾರ ಪಂಪ್ ಟ್ರ್ಯಾಕಿನಲ್ಲಿ (ಚಿಕ್ಕ ಉಬ್ಬುತಗ್ಗುಗಳ ಹಾದಿಯಲ್ಲಿ) ಹಗುರವಾಗಿ ಸುತ್ತುವುದಷ್ಟೇ ಸಾಕು. ಈ ಕ್ಯಾಲೆಂಡರನ್ನು ಮನೆಯವರಿಗೂ ತರಬೇತುದಾರರಿಗೂ ಮೊದಲೇ ತೋರಿಸಿಡಿ, ಏಕೆಂದರೆ ಸ್ಪರ್ಧೆಯ ದಿನ ಹತ್ತಿರ ಬಂದ ಮೇಲೆ ಆರಂಭವಾಗುವ ಚರ್ಚೆಯಲ್ಲಿ ಯಾರೂ ಶಾಂತವಾಗಿ ಯೋಚಿಸುವುದಿಲ್ಲ.

ಪರೀಕ್ಷೆ ಮುಗಿದ ಸಂಜೆಯೇ ದೊಡ್ಡ ರ‍್ಯಾಂಪಿಗೆ ಓಡಬೇಡಿ: ಟೈರಿನ ಗಾಳಿ, ಬ್ರೇಕ್, ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟುಗಳನ್ನು ನೋಡಿಕೊಂಡು, ಮೊದಲ ಕೆಲವು ದಿನ ಚಿಕ್ಕ ಜಿಗಿತಗಳಲ್ಲೇ ಕೈಕಾಲು ಪಳಗಿಸಿಕೊಳ್ಳಿ.