ಹಳೆ ಸೀರೆಯಿಂದ ಪುಟ್ಟ ಕೌದಿ: ಹೊಲಿಯೋದು ಹೇಗೆ, ಕೊಡೋದು ಹೇಗೆ

ದೊಡ್ಡ ಕೌದಿಯಿಂದ ಶುರು ಮಾಡಬೇಡಿ. ಮೊದಲ ಮಾತೇ ಇದು. ಇಬ್ಬರು ಹೊದ್ದುಕೊಳ್ಳುವಷ್ಟು ದೊಡ್ಡದನ್ನು ಹಿಡಿದರೆ ಅರ್ಧಕ್ಕೆ ಬೇಸರ ಬಂದು ಅಟ್ಟ ಸೇರುತ್ತದೆ. ಪುಣೆಯ ಫ್ಲ್ಯಾಟುಗಳಲ್ಲಿ ಅಟ್ಟವೂ ಇಲ್ಲ, ಮಂಚದ ಕೆಳಗೆ ಸೇರುತ್ತದೆ. ಮೂರಡಿ ಚೌಕ ಸಾಕು. ಕೂಸಿಗೆ ಹಾಸಲು ಆಗುತ್ತದೆ. ರಾತ್ರಿ ಪಾಳಿಯ ವಾಚ್‌ಮನ್ ಮೊಣಕಾಲ ಮೇಲೆ ಹಾಕಿಕೊಳ್ಳಬಹುದು. ವಯಸ್ಸಾದವರು ಕುರ್ಚಿಯಲ್ಲಿ ಕೂತಾಗ ಹೆಗಲಿಗೆ ಹೊದ್ದುಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ತೊಡೆ ಮೇಲೆ ಇಟ್ಟುಕೊಂಡೇ ಹೊಲಿಯಬಹುದು.

ನಾನಿರುವುದು ಪುಣೆ ಪಕ್ಕದ ಚಿಂಚವಡದಲ್ಲಿ, ಊರು ಧಾರವಾಡದ ಕಡೆ. ಕೆಲಸ ಮಾಡಿದ್ದೆಲ್ಲ ಮಷಿನ್ ಶಾಪಿನಲ್ಲಿ, ಲೇತ್ ಮುಂದೆ ನಿಂತು. ರಿಟೈರ್ ಆದ ಮೇಲೆ ಸೂಜಿ ಹಿಡಿದೆ. ಗಂಡಸರು ಕೌದಿ ಹೊಲೀತಾರಾ ಅಂತ ಈಗಲೂ ಕೆಲವರು ಕೇಳುತ್ತಾರೆ. ನಿಮ್ಮ ಪ್ಯಾಂಟು ಹೊಲಿದವನು ಯಾರು ಅಂತ ನಾನು ಕೇಳುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಬಟ್ಟೆ ಮತ್ತು ಲೆಕ್ಕ

ಹತ್ತಿ ಸೀರೆಯೇ ಆಗಬೇಕು. ಅನುಮಾನ ಇದ್ದರೆ ಅಂಚಿನಿಂದ ನಾಲ್ಕು ಎಳೆ ಎಳೆದು, ಸಿಂಕ್ ಮೇಲೆ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಪುಡಿ ಆಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡು ನಿಲ್ಲುತ್ತದೆ. ಅಂಥದ್ದು ಬೆವರು ಹೀರುವುದಿಲ್ಲ, ಬಿಟ್ಟುಬಿಡಿ. ಹಳೆ ರೇಷ್ಮೆಯೂ ಬೇಡ, ಮಡಿಕೆ ಇದ್ದಲ್ಲೆಲ್ಲ ಸೀಳುತ್ತದೆ.

ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ. ಪರ್ ಅಂತ ಹರಿದರೆ ಅದು ಒಳಪದರಕ್ಕೆ. ತಡೆದರೆ ಮೇಲ್ಪದರಕ್ಕೆ. ಬಣ್ಣ ಬಿಡುತ್ತದಾ ಅಂತ ನೋಡಲು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ. ಕೆಂಪು ಸೀರೆಗಳನ್ನು ಮಾತ್ರ ನಂಬಬೇಡಿ, ಮತ್ತೆ ಮತ್ತೆ ತೊಳೆದು ನೋಡಿ. ಗಂಜಿ ಹಾಕಿದ ಸೀರೆಯಾದರೆ ಗಂಜಿ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಸೂಜಿ ಇಳಿಯುವುದಿಲ್ಲ.

ಇನ್ನು ಲೆಕ್ಕ. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 216 ಇಂಚು. ಅದನ್ನು 36ರಿಂದ ಭಾಗಿಸಿದರೆ ಸರಿಯಾಗಿ ಆರು ತುಂಡು. ನಾಲ್ಕು ತುಂಡು ಪದರಕ್ಕೆ, ಒಂದು ತೇಪೆಗೆ, ಒಂದು ಕೈಮೀಸಲು. ಒಂದೇ ಸೀರೆಯಲ್ಲಿ ಒಂದು ಕೌದಿ ಆಯಿತು. ಆದರೆ ಕೆಲಸದ ಕ್ರಮ ಮುಖ್ಯ. ಮೊದಲು ಎರಡೂ ಕಡೆಯ ದಡಿಯನ್ನು ಉದ್ದಕ್ಕೆ ಬಿಡಿಸಿಕೊಳ್ಳಿ. ಆಮೇಲೆ ಅಡ್ಡಕ್ಕೆ ಹರಿಯಿರಿ. ಹೀಗೆ ಮಾಡಿದರೆ ಐದೂವರೆ ಮೀಟರಿನ ಎರಡು ಇಡೀ ಪಟ್ಟಿ ಸಿಗುತ್ತವೆ. ಕೌದಿಯ ಸುತ್ತಳತೆ 144 ಇಂಚು, ಅಂದರೆ ನಾಲ್ಕು ಮೀಟರಿಗೂ ಕಡಿಮೆ. ಒಂದೇ ಪಟ್ಟಿಯಲ್ಲಿ ಗಂಟಿಲ್ಲದೆ ಸುತ್ತಲೂ ಅಂಚು ಬರುತ್ತದೆ. ದಡಿಯಲ್ಲಿ ಜರಿ ಇದ್ದರೆ ಕೂಸಿನ ಕೌದಿಗೆ ಹಾಕಬೇಡಿ, ಚುಚ್ಚುತ್ತದೆ.

ಹರಿಯಿರಿ ಅಂದೆ, ಕತ್ತರಿಸಿ ಅನ್ನಲಿಲ್ಲ. ಕತ್ತರಿಯಿಂದ ಅರ್ಧ ಇಂಚು ಗಾಯ ಮಾಡಿ ಕೈಯಿಂದ ಎಳೆದರೆ ಹತ್ತಿ ತನ್ನ ಎಳೆ ಹಿಡಿದೇ ನೇರ ಹರಿಯುತ್ತದೆ. ಯಾವ ಸ್ಕೇಲೂ ಅಷ್ಟು ನೇರ ಕೊಡುವುದಿಲ್ಲ.

ಐದು ಪದರಕ್ಕಿಂತ ಜಾಸ್ತಿ ಹಾಕಬೇಡಿ. ಬೆಚ್ಚಗೇನೋ ಇರುತ್ತದೆ, ಬೆರಳು ಸಾಯುತ್ತದೆ.

ಸೂಜಿ, ದಾರ

ಮಷಿನ್ ದಾರ ಬೇಡ. ಅದು ತೆಳು, ಹಳೆ ಬಟ್ಟೆಯನ್ನು ಕೊಯ್ದುಬಿಡುತ್ತದೆ. ದಪ್ಪ ಹತ್ತಿ ದಾರ ತನ್ನಿ. ಇಲ್ಲವೇ ಕಸೂತಿಯ ಆರೆಳೆ ದಾರ ತಂದು ಮೂರು ಮೂರು ಎಳೆಯಾಗಿ ಬಿಡಿಸಿಕೊಳ್ಳಿ. ಇಂಚಿಗೊಂದು ಸಾಲು ಹಾಕಿದರೆ ಎಂಟು ಮೀಟರಿನ ಮೂರು ಲಡಿ ಸಾಕಾಗುತ್ತದೆ. ಅರ್ಧ ಇಂಚಿಗೊಂದು ಸಾಲು ಅಂದರೆ ಆರು ಲಡಿ. ಸಾಲು ಹತ್ತಿರ ಬಂದಷ್ಟೂ ಕೌದಿ ಗಟ್ಟಿ.

ಸಾಮಾನು ನಮ್ಮ ಪಿಂಪ್ರಿ ಕ್ಯಾಂಪಿನಲ್ಲೂ ಸಿಗುತ್ತದೆ. ನನಗೆ ಮಾತ್ರ ಪುಣೆಯ ಹಳೆ ಪೇಟೆ ತುಳಶಿಬಾಗಿಗೆ ಹೋಗುವುದೇ ಇಷ್ಟ. 2024ರಲ್ಲಿ ಮೆಟ್ರೋ ಸ್ವಾರಗೇಟ್‌ವರೆಗೆ ಬಂದ ಮೇಲೆ ಪಿಸಿಎಂಸಿ ಸ್ಟೇಷನ್ನಿನಲ್ಲಿ ಹತ್ತಿ ಮಂಡಯಿ ಸ್ಟೇಷನ್ನಿನಲ್ಲಿ ಇಳಿದರೆ ಆಯಿತು. ಸೂಜಿ ಕೊಳ್ಳಲು ಹೋದವನು ಅರ್ಧ ದಿನ ಕಳೆದು ಬರುತ್ತೇನೆ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಕೌದಿಗೆ ಮರಾಠಿಯಲ್ಲಿ ಗೋಧಡಿ ಅನ್ನುತ್ತಾರೆ. ಅಂಗಡಿಯಲ್ಲಿ 'ಗೋಧಡಿಯ ಸೂಜಿ' ಅಂತ ಕೇಳಿ, ಉದ್ದನೆಯದು ಕೊಡುತ್ತಾರೆ. ಬೆರಳಿಗೆ ಹಾಕುವ ಟೊಪ್ಪಿಗೆ ಬೇಕಾದರೆ ಅಂಗುಸ್ತಾನ ಅನ್ನಿ.

ಇನ್ನೊಂದು ವಸ್ತು ಯಾವ ಹೊಲಿಗೆ ಅಂಗಡಿಯಲ್ಲೂ ಇಲ್ಲ: ಹಳೆ ಸೈಕಲ್ ಟ್ಯೂಬಿನ ಎರಡಿಂಚು ತುಂಡು. ದಪ್ಪ ಪದರದಲ್ಲಿ ಸೂಜಿ ಸಿಕ್ಕಿಕೊಂಡಾಗ ಅದರಿಂದ ಹಿಡಿದು ಎಳೆಯಿರಿ, ಜಾರುವುದಿಲ್ಲ. ಪಂಕ್ಚರ್ ಅಂಗಡಿಯವನು ಸುಮ್ನೆ ಕೊಡುತ್ತಾನೆ.

ಕಣ್ಣು ಮಂಜಾಗಿದ್ದರೆ ಬೆಳಿಗ್ಗೆ ಬಾಲ್ಕನಿಯ ಬೆಳಕಿನಲ್ಲೇ ಏಳೆಂಟು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳಿ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದು ಕಡಿಮೆ.

ಹೊಲಿಗೆ

ನೆಲದ ಮೇಲೆ ನಾಲ್ಕು ಪದರ ಹಾಸಿ. ಒಂದೊಂದು ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಸುಕ್ಕು ಹೋಗಲಿ. ತೇಪೆ ಹಾಕುವುದಿದ್ದರೆ ಈಗಲೇ ಮೇಲೆ ಜೋಡಿಸಿಕೊಳ್ಳಿ. ಆಮೇಲೆ ಉದ್ದುದ್ದ ಕಚ್ಚಾ ಹೊಲಿಗೆ. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಿ, ಗೇಣಿಗೊಂದು ಸಾಲು. ಇದನ್ನು ಬಿಟ್ಟರೆ ಮೇಲಿನ ಪದರ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹೋಗುತ್ತದೆ. ದಡಿಯ ಪಟ್ಟಿಯನ್ನು ಸುತ್ತಲೂ ಮಡಿಸಿ ಕೂರಿಸಿ.

ಪಕ್ಕಾ ಹೊಲಿಗೆಗೆ ಎರಡು ದಾರಿ. ಅಡ್ಡಡ್ಡ ನೇರ ಸಾಲು ಹಾಕುವುದು ಒಂದು. ಇನ್ನೊಂದು, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿ, ಅಂದರೆ ತಮ್ಮ ಕೌದಿ, ಹೊಲಿಯುವುದು ಹೀಗೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಎಷ್ಟೋ ಜನ ಪೋರ್ಚುಗೀಸರ ಕಾಲದಲ್ಲಿ ಗೋವಾ ದಾಟಿ ನಮ್ಮ ಕಾಡು ಸೇರಿದವರು. ಕವಂದಿಯ ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ 'ಫೂಲ', ಅಂದರೆ ಹೂವು, ಇಡುತ್ತಾರೆ. ಫೂಲ ಇಡದಿದ್ದರೆ ಕವಂದಿ ಮುಗಿದಂತಲ್ಲ. ನನಗೆ ಈ ಸುತ್ತುವ ದಾರಿಯೇ ಹಿಡಿಸಿದೆ. ಅಂಚು ಮೊದಲೇ ಭದ್ರವಾಗುತ್ತದೆ. ನಡುವಿಗೆ ಬಂದಂತೆ ಸಾಲು ಗಿಡ್ಡ ಆಗುತ್ತಾ ಹೋಗುತ್ತದೆ, ಅಂದರೆ ಬೇಸರ ಬರುವ ಹೊತ್ತಿಗೆ ಕೆಲಸವೂ ಕಡಿಮೆಯಾಗಿರುತ್ತದೆ.

ಒಂದೊಂದು ಹೊಲಿಗೆ ಕಾಲಿಂಚು. ಅಕ್ಕಿ ಕಾಳಿನಷ್ಟು ಅಂತ ಇಟ್ಟುಕೊಳ್ಳಿ. ಸೂಜಿಗೆ ಒಮ್ಮೆಗೆ ಮೂರು ನಾಲ್ಕು ಹೊಲಿಗೆ ಏರಿಸಿ ಎಳೆಯಿರಿ. ಗಂಟನ್ನು ಪದರದ ನಡುವೆ ಮುಚ್ಚಿಡಿ, ಹೊರಗೆ ಕಂಡರೆ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ.

ಯಾವ ದಿನ ಏನು ಮಾಡಬೇಕು ಅನ್ನುವುದೂ ಒಂದು ವಿದ್ಯೆ. ಲೆಕ್ಕ ಹಾಕುವುದು, ಹರಿಯುವುದು, ಬಣ್ಣ ಜೋಡಿಸುವುದು, ಇವೆಲ್ಲ ಮನಸ್ಸು ತಿಳಿಯಾಗಿದ್ದ ದಿನಕ್ಕೆ. ತಲೆ ಕೆಟ್ಟ ದಿನಕ್ಕೆ ಸಾಲು ಹೊಲಿಗೆ ಉಳಿಸಿಕೊಳ್ಳಿ. ಅದಕ್ಕೆ ಉತ್ಸಾಹ ಬೇಕಿಲ್ಲ, ಮಾತೂ ಬೇಕಿಲ್ಲ. ಮುಂದಿನ ಕಾಲಿಂಚು ಎಲ್ಲಿ ಅಂತ ಕಂಡರೆ ಸಾಕು. ಆದರೆ ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕರ್ ದುಡ್ಡಿಗೆ ಜಗಳಾಡಿ ಬಂದ ದಿನ ಮೊದಲ ಸಾಲನ್ನು ಸ್ವಲ್ಪ ನೋಡಿಕೊಂಡು ಹಾಕಿ. ಸಿಟ್ಟಿನ ಕೈ ದಾರವನ್ನು ಜಗ್ಗುತ್ತದೆ, ಬಟ್ಟೆ ಮುದುರುತ್ತದೆ. ಸಾಲು ಮುಗಿದ ಮೇಲೆ ಎರಡು ಕೈಯಿಂದ ಹಿಡಿದು ಅಡ್ಡಕ್ಕೆ ಮೆಲ್ಲಗೆ ಎಳೆದರೆ ಹೊಲಿಗೆ ಸಡಿಲವಾಗಿ ಕೂರುತ್ತದೆ. ಸಿಕ್ಕಾದ ದಾರವನ್ನು ರಾತ್ರಿ ಬಿಡಿಸಲು ಕೂರಬೇಡಿ. ಕತ್ತರಿಸಿ ಮಲಗಿ.

ಕೊಡುವುದು

ಇದು ಹೊಲಿಗೆಗಿಂತ ಕಷ್ಟ. ಕೈಯಲ್ಲಿ ಕೌದಿ ಹಿಡಿದು ಹೋಗಿ 'ತಗೊಳ್ಳಿ' ಅಂದರೆ ಎಷ್ಟೋ ಜನಕ್ಕೆ ಮುಜುಗರ. ಸಂಕೋಚಕ್ಕೆ ತಗೊಂಡು ಒಳಗಿಟ್ಟುಬಿಡುತ್ತಾರೆ. ನಾನು ಅನುಸರಿಸುವ ದಾರಿ ಹೀಗೆ: ಯಾರಿಗೆ ಕೊಡಬೇಕೋ ಅವರ ಮನೆಯ ಒಂದು ಹಳೆ ಬಟ್ಟೆ ಅದರಲ್ಲಿ ಇರಬೇಕು. ಬಟ್ಟೆ ಅವರದು, ಹೊಲಿಗೆ ನನ್ನದು. ಆಗ ಅದು ದಾನ ಆಗುವುದಿಲ್ಲ.

ರಾವೇತ ಕಡೆ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿನ ಕೆಲಸದವರಲ್ಲಿ ಯಾದಗಿರಿ, ಕಲಬುರಗಿ ಕಡೆಯವರೇ ಜಾಸ್ತಿ. ತಗಡಿನ ಶೆಡ್ಡು. ಡಿಸೆಂಬರ್ ಜನವರಿಯಲ್ಲಿ ಪುಣೆಯ ರಾತ್ರಿ ಹತ್ತು ಡಿಗ್ರಿ ಹತ್ತಿರ ಇಳಿಯುತ್ತದೆ, ತಗಡು ಇನ್ನೂ ತಣ್ಣಗೆ. ಶೆಡ್ಡಿನ ಮುಂದೆ ಒಬ್ಬಳು ಕೂಸನ್ನು ಜೋಳಿಗೆಗೆ ಹಾಕಿ ತೂಗುತ್ತಿದ್ದಳು. ಕನ್ನಡದಲ್ಲಿ ಮಾತಾಡಿಸಿದೆ.

"ಕೂಸಿಗೊಂದು ಕೌದಿ ಹೊಲಿದು ಕೊಡಲೇನವಾ?"

"ಬ್ಯಾಡ್ರೀ ಅಣ್ಣಾರ. ರೊಕ್ಕ ಎಲ್ಲಿಂದ ತರೂದ್ರಿ?"

"ರೊಕ್ಕ ಬ್ಯಾಡ. ನಿನ್ನ ಕಡೆ ಒಂದು ಹಳೆ ಸೀರಿ ಇದ್ರ ಕೊಡು."

ಒಳಗೆ ಹೋಗಿ ಹಸಿರು ಸೀರೆ ತಂದಳು, ಒಂದು ಕಡೆ ಅರಿಸಿನದ ಕಲೆ. "ನಮ್ಮವ್ವಂದದ್ರಿ" ಅಂದಳು. ಕೌದಿ ಕೊಟ್ಟ ದಿನ ಅವಳು ಮೊದಲು ಮಾಡಿದ್ದು ತಿರುಗಿಸಿ ಹಿಂಭಾಗ ನೋಡಿದ್ದು. ಹೆಬ್ಬೆರಳಿನಿಂದ ಸಾಲು ಸವರುತ್ತಾ ಹೋದಳು. "ಇಲ್ಲೊಂದ್ ಸಾಲು ಸೊಟ್ಟ ಆಗ್ಯಾದ್ರಿ" ಅಂದಳು. ನನಗೆ ಭಾರಿ ಖುಷಿಯಾಯಿತು. ತನ್ನ ಸಾಮಾನು ಅಂತ ಅನಿಸಿದರೆ ಮಾತ್ರ ಜನ ತಪ್ಪು ಹುಡುಕುತ್ತಾರೆ, ಅಲ್ವಾ?

ಇಂಥವರಿಗೆ ಮಾತು ಕೊಟ್ಟರೆ ಬೇಗ ಮುಗಿಸಿ. ಸ್ಲ್ಯಾಬ್ ಕೆಲಸ ಮುಗಿದರೆ ಅವರು ಇನ್ನೊಂದು ಸೈಟಿಗೆ ಹೋಗಿಬಿಡುತ್ತಾರೆ, ಹುಡುಕಿದರೂ ಸಿಗುವುದಿಲ್ಲ. ಕೂಸಿನ ಕೌದಿಯನ್ನು ಕೆಳಗೆ ಹಾಸಲು ಹೇಳಿ. ವರ್ಷ ತುಂಬದ ಮಗು ಮಲಗಿದಾಗ ಮೈಮೇಲೆ ಸಡಿಲ ಹೊದಿಕೆ ಇರಬಾರದು, ಮುಖದ ಮೇಲೆ ಬಂದರೆ ಅಪಾಯ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಗುಂಡಿ, ಮಣಿ, ಕನ್ನಡಿ ಏನೂ ಹಚ್ಚಬೇಡಿ. ಯಾರಿಗೇ ಕೊಡಿ, ಕೊಡುವ ಮುಂಚೆ ಕೌದಿಯ ಎರಡೂ ಬದಿಗೆ ಅಯಸ್ಕಾಂತ ಆಡಿಸಿ. ಹಳೆ ಸ್ಪೀಕರಿನದು ಚೆನ್ನಾಗಿ ಎಳೆಯುತ್ತದೆ. ಮುರಿದ ಸೂಜಿಯ ತುದಿ ಕಣ್ಣಿಗೆ ಕಾಣುವುದಿಲ್ಲ.

ಆಸ್ಪತ್ರೆಗೆ ಕೊಡುವ ಆಸೆ ಇದ್ದರೆ ಮೊದಲು ಅಲ್ಲಿನ ಸಿಸ್ಟರನ್ನು ಕೇಳಿ. ಹಸುಗೂಸುಗಳ ವಾರ್ಡಿಗೆ ಹೊರಗಿನ ಬಟ್ಟೆ ಬಿಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಸೋಂಕಿನ ಭಯ ಅವರಿಗೆ ಇದ್ದೇ ಇರುತ್ತದೆ.

ಸಾವಾದ ಮನೆಯ ಸೀರೆ ಬಂದರೆ ಮಾತ್ರ ಅವಸರ ಮಾಡಬಾರದು. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮರಾಠಿ ಕಾಕಾ ಹೆಂಡತಿ ಹೋದ ಮೇಲೆ ಅಂಗಡಿ ಚೀಲದಲ್ಲಿ ಸೀರೆ ತುಂಬಿಕೊಂಡು ಬಂದರು. ಚೀಲವನ್ನು ಸೋಫಾ ಮೇಲೆ ಇಟ್ಟರು, ಕೈ ಮಾತ್ರ ತೆಗೆಯಲಿಲ್ಲ. ಇಂಥ ಹೊತ್ತಿನಲ್ಲಿ ಟೇಪು ತೆಗೆಯಬೇಡಿ. ಚಹಾ ಕೊಡಿ. ಚೀಲವನ್ನು ಅವರ ಜೊತೆಗೇ ವಾಪಸ್ ಕಳಿಸಿ, 'ಇನ್ನೊಮ್ಮೆ ನೋಡಿ ತನ್ನಿ' ಅನ್ನಿ. ಮತ್ತೆ ಬಂದಾಗ ಕೇಳಬೇಕಾದದ್ದು: ಯಾವುದನ್ನು ಮುಟ್ಟಬಾರದು? ಯಾವ ಭಾಗ ಮೇಲೆ ಕಾಣಬೇಕು? ತೊಳೆಯಲಾ, ಬೇಡವಾ? ಈ ಕೊನೆಯದನ್ನು ಕೇಳಲೇಬೇಕು, ಒಗೆದರೆ ವಾಸನೆ ಹೋಗಿಬಿಡುತ್ತದೆ. ಕಾಕಾ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ 'ತೊಳೀರಿ' ಅಂದರು.

ಅದರಲ್ಲಿ ಒಂದು ನೀಲಿ ಸೀರೆಯ ಸೆರಗಿನ ಹತ್ತಿರ ರಫೂ ಮಾಡಿದ ಜಾಗ ಇತ್ತು. ಕಾಕು, ಅಂದರೆ ಕಾಕಾ ಅವರ ಹೆಂಡತಿ, ಅವರದೇ ಕೈ. ನೀಲಿ ದಾರ ಸಿಗದೆ ಬೂದು ದಾರ ಹಾಕಿದ್ದರು, ಬೆರಳುಗುರಿನಷ್ಟು ಅಗಲ, ಎಳೆ ಎಳೆ ಹೆಣೆದದ್ದು. ಸಾಮಾನ್ಯವಾಗಿ ಇಂಥ ಜಾಗ ಒಳಪದರಕ್ಕೆ ಹೋಗುತ್ತದೆ. ಇದನ್ನು ಮೇಲೆ ಇಟ್ಟೆ, ಮೂಲೆಯ ಹತ್ತಿರ, ಕೈಗೆ ಸಿಗುವ ಕಡೆ. ಸುತ್ತ ಹೊಲಿದೆ, ಅದರ ಮೇಲೆ ಮಾತ್ರ ಸೂಜಿ ಹಾಕಲಿಲ್ಲ. ನೀವೂ ಸೀರೆ ಬಿಚ್ಚಿದಾಗ ಬೆಳಕಿಗೆ ಹಿಡಿದು ನೋಡಿ. ರಫೂ, ಕಲೆ, ಇಸ್ತ್ರಿ ಸುಟ್ಟ ಗುರುತು ಏನಿದ್ದರೂ ಹರಿಯುವ ಮುಂಚೆ ಆ ಮನೆಯವರನ್ನು ಕೇಳಿ.

ಕೊಡುವಾಗ ಫೋಟೋ ಬೇಡ. ವಾಟ್ಸಾಪ್ ಸ್ಟೇಟಸ್ಸಿಗೆ ಅಂತೂ ಬೇಡವೇ ಬೇಡ. ಆಮೇಲೆ ಸಿಕ್ಕಾಗಲೆಲ್ಲ 'ಕೌದಿ ಹೇಗಿದೆ' ಅಂತ ಕೇಳಲೂಬಾರದು. ನಮ್ಮ ವಾಚ್‌ಮನ್ ತನ್ನದನ್ನು ಮಡಿಸಿ ಕುರ್ಚಿಗೆ ದಿಂಬು ಮಾಡಿಕೊಂಡಿದ್ದಾನೆ. ಅವನ ಇಷ್ಟ.

ಒಗೆಯುವುದಕ್ಕೆ ತಣ್ಣೀರು ಸಾಕು, ಹಿಂಡಬೇಡಿ, ನೆರಳಿಗೆ ಹಾಕಿ. ಮೊದಲ ಒಗೆತಕ್ಕೆ ಸ್ವಲ್ಪ ಸುಕ್ಕಾಗುತ್ತದೆ, ಆಗಲೇ ಅದಕ್ಕೆ ಕೌದಿಯ ಕಳೆ ಬರುವುದು. ಇದನ್ನು ಕೊಡುವಾಗಲೇ ಹೇಳಿಬಿಡಿ, ಇಲ್ಲದಿದ್ದರೆ ಹಾಳಾಯಿತು ಅಂದುಕೊಳ್ಳುತ್ತಾರೆ.

ಉಳಿದ ಚಿಂದಿಯಲ್ಲಿ ಎಂಟು ಪದರ ಮಡಿಸಿ ಅಂಗೈ ಅಗಲದ ಚೌಕ ಹೊಲಿಯಿರಿ, ಬಿಸಿ ಪಾತ್ರೆ ಇಳಿಸಲು. ಹತ್ತಿ ಮಾತ್ರ, ಸಿಂಥೆಟಿಕ್ ಸೇರಿದರೆ ಕರಗಿ ಕೈಗೆ ಅಂಟುತ್ತದೆ. ನಾನು ಹೊಲಿದಿದ್ದರಲ್ಲಿ ನಮ್ಮ ಮನೆಯವಳು ಕೇಳಿ ತಗೊಂಡಿದ್ದು ಇದೊಂದನ್ನೇ. "ಏನ್ರಿ, ಇನ್ನೆರಡು ಮಾಡ್ರಿ" ಅಂದಿದ್ದಾಳೆ.